ಅವ್ವನ ಗಂಟಲಿಗೆ ಆಡ್ರಿ

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವನ ಕುತ್ತಿಗೆಯಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಎದ್ದಿತು. ಥೈರಾಯ್ಡ್ ಆಪರೇಷನ್ ಆಗಬೇಕು, ಸ್ವಲ್ಪ ಹೆಚ್ಚುಕಡಿಮೆಯಾದರೆ ದನಿ ಹೋಗಬಹುದು ಎಂದರು ಸರ್ಜನ್. ಲಂಡನ್ನಿನ ಈಸ್ಟ್ ಹ್ಯಾಮ್‌ನ ನಮ್ಮ ಮನೆಯಲ್ಲಿ ಮಾತು ಎಂದರೆ ಅವ್ವನದೇ. ಅಪ್ಪ ಆಸ್ಪತ್ರೆಯ ಡಾಕ್ಟರು. ಮನೆಗೆ ಬಂದರೆ ‘ಹೂಂ’ ಎನ್ನುವುದಷ್ಟೇ ಅವರ ಪಾಲು. ನಾನೋ, ಇಂಗ್ಲಿಷಿನಲ್ಲಿ ಉತ್ತರ ಎಸೆದು ಮೇಲಿನ ಕೋಣೆ ಸೇರುವವಳು. ಅವ್ವನ ದನಿ ಹೋದರೆ ಮನೆಯಲ್ಲಿ ಕನ್ನಡವೇ ಉಳಿಯುವುದಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಇನ್ನೂ ಹೆಚ್ಚು ಹೆದರಿದವರು ಅಪ್ಪ. ದೇವರ ಕೋಣೆಯ ಕಡೆ ತಲೆ ಹಾಕದ ಮನುಷ್ಯ ಎಲ್ಲಿಂದಲೋ ಒಬ್ಬ ಸಂತಳನ್ನು ಹುಡುಕಿ ತಂದರು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಇಂಗ್ಲಿಷ್ ರಾಜಕುಮಾರಿ. ಹೆಸರು ಎಥೆಲ್‌ಡ್ರೆಡಾ, ಜನ ಕರೆಯುವುದು ಆಡ್ರಿ. ಗಂಟಲ ಬೇನೆಗೆ ಅವಳೇ ದಿಕ್ಕಂತೆ. ಊಟದ ಮೇಜಿನಲ್ಲಿ ಅಪ್ಪ ಅವಳ ಕಥೆಯನ್ನು ಕೇಸ್ ಹಿಸ್ಟರಿಯ ಹಾಗೆ ಒಪ್ಪಿಸಿದರು. ಎರಡು ಮದುವೆಯಾದರೂ ಕನ್ಯೆ. ಎರಡನೆಯ ಗಂಡ, ರಾಜ, ಬಿಟ್ಟು ಹೊರಟವಳನ್ನು ಬೆನ್ನಟ್ಟಿ ಬಂದಾಗ ಸಮುದ್ರವೇ ಉಕ್ಕಿ ಅಡ್ಡ ನಿಂತಿತು. ಸನ್ಯಾಸಿನಿಯಾಗಿ ಮಠ ಕಟ್ಟಿದಳು. ಕೊನೆಗೆ ಕುತ್ತಿಗೆಯಲ್ಲಿ ಗಡ್ಡೆ ಎದ್ದಾಗ, ಚಿಕ್ಕಂದಿನಲ್ಲಿ ಸರ ಹಾಕಿಕೊಂಡು ಮೆರೆದದ್ದಕ್ಕೆ ಇದು ತಕ್ಕ ಶಿಕ್ಷೆ ಎಂದು ಸಂತೋಷಪಟ್ಟಳು. ವೈದ್ಯ ಗಡ್ಡೆ ಕೊಯ್ದ, ಆಕೆ ಸತ್ತಳು. ಹದಿನಾರು ವರ್ಷದ ಮೇಲೆ ಗೋರಿ ತೆಗೆದರೆ ಗಾಯ ಮಾಯ್ದಿತ್ತು.

“ಸತ್ತ ಮ್ಯಾಲೆ ಮಾಯ್ದ್ರ ಏನ್ ಬಂತ್ರಿ?” ಎಂದಳು ಅವ್ವ. “ಸರಾ ಹಾಕ್ಕೊಂಡ್ರ ಗಡ್ಡಿ ಬರ್ತದಂದ್ರ ಧಾರವಾಡದಾಗ ಒಬ್ಬಾಕಿನೂ ಉಳೀತಿದ್ದಿಲ್ಲ.”

ಹೆಸರು ಮಾತ್ರ ಅವಳಿಗೆ ಹಿಡಿಸಿತು. ನಮ್ಮ ಕಡೆ ‘ಆಡ್ರಿ’ ಎಂದರೆ ‘ಮಾತು ಆಡಿ’ ಎಂದು ಮರ್ಯಾದೆ ಕೊಟ್ಟು ಹೇಳಿದಂತೆ. “ಗಂಟಲದ ದೇವ್ರಿಗೆ ಇದಕ್ಕಿಂತ ಚೊಲೋ ಹೆಸರು ಯಾವ್ದದ?” ಎಂದು ಆ ಸಂತಳ ಚರ್ಚಿಗೂ ಹೊರಟಳು. ಅಲ್ಲಿ ಪಾದ್ರಿ ಆಶೀರ್ವಾದಕ್ಕೆಂದು ಎರಡು ಮೇಣದಬತ್ತಿಗಳನ್ನು ಕತ್ತರಿಯ ಹಾಗೆ ಅವಳ ಗಂಟಲಿಗೆ ತಾಗಿಸಿದರು. ಅವ್ವ ಆರತಿಯೆಂದುಕೊಂಡು ಅವುಗಳ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡಳು. ಬತ್ತಿ ಹಚ್ಚಿಯೇ ಇರಲಿಲ್ಲ.

ಆಪರೇಷನ್ನಿನ ದಿನ ನರ್ಸ್ ತಾಳಿ ತೆಗೆಯಲೇಬೇಕು ಎಂದಳು. ಅವ್ವ ಅದನ್ನು ಅಪ್ಪನ ಕೈಗಿಟ್ಟು, “ಎಲ್ಲೂ ಕೆಳಗ ಇಡಬ್ಯಾಡ್ರಿ,” ಎಂದಳು. ತಮ್ಮ ಜೇಬನ್ನೇ ನಂಬದ ಅಪ್ಪ ಅದನ್ನು ಕೊರಳಿಗೆ ಹಾಕಿಕೊಂಡರು, ಟೈ ಮೇಲೆ. ಕಾರಿಡಾರಿನಲ್ಲಿ ಪರಿಚಯದ ಡಾಕ್ಟರುಗಳು ನೋಡಿಯೂ ನೋಡದವರಂತೆ ಹವಾಮಾನದ ವಿಷಯ ಮಾತಾಡಿ ಹೋದರು. ಇಂಗ್ಲಿಷರ ಸೌಜನ್ಯ ಅಂದರೆ ಅದು.

ಅವ್ವ ಕಣ್ಣು ಬಿಟ್ಟಳು, ಬಾಯಿ ಬಿಡಲಿಲ್ಲ. ಅಪ್ಪ ಬಗ್ಗಿ, “ಆಡ್ರಿ,” ಎಂದರು. ಸ್ವಲ್ಪ ತಡೆದು ಮತ್ತೆ, “ಆಡ್ರಿ.” ಸಂತಳನ್ನು ಕರೆದರೋ ಅವ್ವನನ್ನು ಬೇಡಿಕೊಂಡರೋ ನನಗೆ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಅವರು ಅವ್ವನಿಗೆ ‘ನೀ’ ಎಂದವರೇ. ‘ರೀ’ ಅನ್ನುವುದು ಅವ್ವನ ಕೆಲಸವಾಗಿತ್ತು.

ಅವ್ವ ಅಪ್ಪನ ಕೊರಳನ್ನೇ ನೋಡಿದಳು. ಬಂದದ್ದು ಒಡಕು ದನಿ, ಆದರೆ ಅವಳದೇ.

“ಬರೋಬ್ಬರಿ ಅದ. ತಾಳಿ ಹಾಕ್ಕೊಂಡಾವ್ರು ‘ರೀ’ ಅನಬೇಕು.”

ಅಪ್ಪ ಅಳುತ್ತಲೇ, “ಹೂಂ ರೀ,” ಎಂದರು.