ಇನ್ನೊಂದ್ಸಲ ಡಾಕ್ಟರಮ್ಮ

ವಿಕಿರಣ ಚಿಕಿತ್ಸೆಯ ಕ್ಷೇತ್ರದಲ್ಲಿ ಯಂತ್ರವನ್ನು ನಂಬುವವರು ಬಹಳ ಮಂದಿ. ನಂಬಿದ ಮೇಲೂ ದಿನದಿನವೂ ಒರೆಗೆ ಹಚ್ಚಿ ನೋಡುವವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆ ಆ ವಿರಳರಲ್ಲಿ ಮೊದಲಿಗರೆಂದು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ. ಕಿರಣ ಬಿಡುವ ಮುನ್ನ ಪ್ರತಿದಿನ ರೋಗಿಯ ದೇಹದೊಳಗಿನ ಚಿತ್ರ ತೆಗೆಸಿ, ಚಿಕಿತ್ಸೆಯ ಯೋಜನೆಗೆಂದು ಮೊದಲೇ ತೆಗೆದಿದ್ದ ಚಿತ್ರದೊಂದಿಗೆ ಹೋಲಿಸಿ, ತುಸು ವ್ಯತ್ಯಾಸ ಕಂಡರೂ "ಇನ್ನೊಂದ್ಸಲ ನೋಡೋಣ" ಎನ್ನುತ್ತಿದ್ದುದರಿಂದ ಅವರಿಗೆ 'ಇನ್ನೊಂದ್ಸಲ ಡಾಕ್ಟರಮ್ಮ' ಎಂಬ ಅಡ್ಡಹೆಸರು ಬಿತ್ತು. ಇಟ್ಟವನು ನಾನೇ. ಅದು ಅವರಿಗೂ ಗೊತ್ತು.

ನಾನು ಅವರ ಕೈಕೆಳಗೆ ತಂತ್ರಜ್ಞನಾಗಿ ಸೇರಿದ್ದು, ಕಿರಣದ ಗುರಿಗೆಂದು ರೋಗಿಯ ಚರ್ಮದ ಮೇಲೆ ಶಾಯಿಯ ಗೆರೆ ಎಳೆದು ಅದನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ. ಸ್ನಾನ ಮಾಡಿದರೆ ಗೆರೆ ಅಳಿಸೀತೆಂದು ರೋಗಿಗಳು ಹೆದರುತ್ತಿದ್ದರು. ಆಡಳಿತದವರ ಬೆನ್ನು ಬಿದ್ದು, ಬೈಸಿಕೊಂಡರೂ ಜಗ್ಗದೆ, ಚಿತ್ರ ತೆಗೆಯಬಲ್ಲ ಯಂತ್ರವನ್ನು ತರಿಸಿದವರು ಇವರು.

ಆ ಯಂತ್ರದಡಿ ಮಲಗಿದವರಲ್ಲಿ, ಬಟ್ಟೆ ಹೊಲಿದು ಸಂಸಾರ ಸಾಕುತ್ತಿದ್ದ ಒಬ್ಬ ಟೈಲರಮ್ಮನನ್ನು ನಾನು ಮರೆಯಲಾರೆ. ಅವರಿಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದ ಕಣ್ಣಿನ ನರದ ಪಕ್ಕದಲ್ಲೇ ಗಡ್ಡೆ. ಕಿರಣ ಸ್ವಲ್ಪ ಸರಿದರೂ ದೃಷ್ಟಿಗೆ ಸಂಚಕಾರ.

"ಸಾಯೋದಕ್ಕೆ ಹೆದರಲ್ಲ ಡಾಕ್ಟರಮ್ಮ. ಸೂಜಿಗೆ ದಾರ ಪೋಣಿಸೋಕೆ ಆಗದೆ ಬದುಕೋದು ಹೇಗೆ ಹೇಳಿ?" ಎಂದು ಅವರು ಕೇಳಿದ್ದರು.

ಒಂದು ಬೆಳಿಗ್ಗೆ, ಹಿಂದಿನ ದಿನ ಯಂತ್ರ ಕೈಕೊಟ್ಟಿದ್ದರಿಂದ ಹೊರಗಿನ ಬೆಂಚುಗಳೆಲ್ಲ ಕಿಕ್ಕಿರಿದಿದ್ದವು. ಟೈಲರಮ್ಮನ ಮುಖದ ಅಚ್ಚಿಗೆ ತಕ್ಕಂತೆ ಮಾಡಿದ್ದ ಜಾಲರಿ ಮುಖವಾಡ ತೊಡಿಸಿ, ತಲೆ ಅಲುಗದಂತೆ ಮೇಜಿಗೆ ಬಿಗಿದೆವು. ಚಿತ್ರ ಹೊಂದಲಿಲ್ಲ. ಮತ್ತೆ ತೆಗೆದೆವು, ಗದ್ದ ಮೇಲೆತ್ತಿಕೊಂಡೇ ಇತ್ತು.

"ಮೇಜನ್ನೇ ಸ್ವಲ್ಪ ಸರಿಸಿದ್ರೆ ಆಗಲ್ವಾ ಮೇಡಂ? ಹೊರಗೆ ಜನ ನನ್ನ ಹರಿದು ತಿಂತಾರೆ!" ಎಂದು ಸಿಡುಕಿದೆ.

"ತಲೆ ಹಿಂದಕ್ಕೆ ವಾಲಿದೆ. ಮೇಜು ಸರಿಸಿದ್ರೆ ತಲೆ ನೆಟ್ಟಗಾಗುತ್ತಾ? ಬಾ, ಇನ್ನೊಂದ್ಸಲ ನೋಡೋಣ."

ಒಳಗೆ ಹೋಗಿ ಮುಖವಾಡ ತೆಗೆಸಿದರು. ಕತ್ತಿನ ಹಿಂದೆ ಪುಟ್ಟದೊಂದು ಬಿಗಿ ತುರುಬು! ಮುಖವಾಡ ಮಾಡಿದ ದಿನ ಕೂದಲು ಬಿಚ್ಚಿಕೊಂಡಿತ್ತು. ಕರೆಸಿದಾಗ ಟೈಲರಮ್ಮನ ಮಗಳ ಮುಖ ಬಾಡಿಹೋಯಿತು. "ನಾನೇ ಕಟ್ಟಿದ್ದು. ಅಮ್ಮ ಚೆನ್ನಾಗಿ ಕಾಣ್ಲಿ ಅಂತ..."

"ಚೆನ್ನಾಗೇ ಕಾಣ್ತಿದಾರಲ್ಲ! ಬಾಚಣಿಗೆ ಕೊಡು" ಎಂದು ಡಾಕ್ಟರಮ್ಮ ತಾವೇ ತುರುಬು ಬಿಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಬಾಚಿದರು. ಹೊರಗೆ ಗದ್ದಲವೋ ಗದ್ದಲ. ಚಿತ್ರ ಹೊಂದಿದ ಮೇಲೆಯೇ ಕಿರಣ ಬಿಡಲು ಹೇಳಿದರು. ಚಿಕಿತ್ಸೆ ಮುಗಿದೊಡನೆ ಬಾಚಣಿಗೆಯನ್ನು ಮಗಳ ಕೈಗಿತ್ತು, "ಈಗ ಕಟ್ಟಮ್ಮ, ಮೊದಲಿಗಿಂತ ಚೆನ್ನಾಗಿ" ಎಂದರು. ಅಂದಿನಿಂದ ನಮ್ಮ ಕೋಣೆಯಲ್ಲೂ ಒಂದು ಬಾಚಣಿಗೆ ಇದೆ.

ಕಳೆದ ವಾರ ಟೈಲರಮ್ಮ ಮಗಳೊಡನೆ ಡಾಕ್ಟರಮ್ಮನನ್ನು ಕಾಣಲು ಬಂದರು. ತಲೆ ಪೂರ್ತಿ ನರೆತಿದೆ. ಡಾಕ್ಟರಮ್ಮನ ಬಿಳಿ ಕೋಟಿನ ಗುಂಡಿ ಜೋತಾಡುವುದನ್ನು ಕಂಡು, "ಇದೇನು ಅವತಾರ, ತೆಗೀರಿ" ಎಂದು ಗದರಿ ಕೋಟು ಕಸಿದುಕೊಂಡು, ಕಿಟಕಿಯ ಬೆಳಕಿಗೆ ಸೂಜಿ ಹಿಡಿದರು. ದಾರ ಸೂಜಿಯ ಪಕ್ಕಕ್ಕೆ ಜಾರಿತು.

"ಇನ್ನೊಂದ್ಸಲ" ಎಂದರು ಟೈಲರಮ್ಮ. ದಾರ ಒಳಹೊಕ್ಕಿತು.

ಡಾಕ್ಟರಮ್ಮ ಅತ್ತರು. ನಾನೂ ಅತ್ತೆ, ಅದರಲ್ಲೇನು ಮುಚ್ಚುಮರೆ!

ಮೇಡಂ, ನಿಮ್ಮ ಆಯುಷ್ಯ ಟೈಲರಮ್ಮ ಹೊಲಿದುಕೊಟ್ಟ ಆ ಗುಂಡಿಯಷ್ಟೇ ಗಟ್ಟಿಯಾಗಿರಲಿ. ಹೊಸಬರಿಗೆ ಪಾಠ ಹೇಳಲು ಬರುತ್ತೇನೆಂದು ಮಾತು ಕೊಟ್ಟಿದ್ದೀರಿ, ತಪ್ಪದೆ ಬನ್ನಿ. ಬಾಚಣಿಗೆ ಅದೇ ಜಾಗದಲ್ಲಿರುತ್ತದೆ.