ಏಳು ಸುತ್ತಿನ ಬೇರು

ಒದ್ದೆ ಕಲ್ಲಿನ ಮೇಲೆ ಒಣಬೇರು ತಿರುಗುವ ಸದ್ದನ್ನು ನೀವು ಕೇಳಿದ್ದರೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೊನ್ನೆ ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯ ಬಾಣಂತಿಯ ತಾಯಿ ಕೂಸಿಗೆಂದು ಬಜೆ ತೇಯುತ್ತಿದ್ದರು. ಪಾಠ ಹೇಳಲು ಸ್ಕೂಲಿಗೆ ಹೊರಟಿದ್ದ ನಾನು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತೇಬಿಟ್ಟೆ. ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಸರ್ರ್ ಸರ್ರ್ ಎಂದು ಸುತ್ತುವ ಸದ್ದು. ಬಜೆಯ ಘಾಟು ಕಾಂಪೌಂಡು ದಾಟಿ ಬಂತು. ನನಗೇ ಗೊತ್ತಿಲ್ಲದೆ ನಾನು ಸುತ್ತುಗಳನ್ನು ಎಣಿಸುತ್ತಿದ್ದೆ. ಏಳಕ್ಕೆ ಆಕೆ ನಿಲ್ಲಿಸಲಿಲ್ಲ. ಬಜೆಗೆ ಅಂಥ ಕಟ್ಟುನಿಟ್ಟೇನೂ ಇಲ್ಲ, ಅದು ನನಗೂ ಗೊತ್ತು. ಆದರೂ ಎಂಟನೆಯ ಸುತ್ತಿಗೆ ನನ್ನ ಎದೆ ಧಸಕ್ಕೆಂದಿತು. ಇಷ್ಟು ವರ್ಷವಾದ ಮೇಲೂ ಈ ಹಾಳು ಎದೆಗೆ ಬುದ್ಧಿ ಬಂದಿಲ್ಲ.

ನಮ್ಮೂರು ರಾವಂದೂರಿನಿಂದ ನಾಲ್ಕು ಮೈಲಿ ಒಳಕ್ಕೆ. ಅಲ್ಲಿ ಈಗ ನಮ್ಮ ಮನೆಯಿಲ್ಲ. ಭಾಗವಾಗಿ, ಹೆಂಚಿಳಿಸಿ, ಗೋಡೆ ಕೆಡವಿ, ಆ ಜಾಗದಲ್ಲಿ ಎರಡು ತಾರಸಿ ಮನೆಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಆ ಹಳೆಯ ಮನೆಯ ಮಾತು. ನಡುಮನೆಯಲ್ಲಿ ಬೇಯಿಸಿ ತಂದ ಹೊಗೆಸೊಪ್ಪಿನ ಸಿಹಿಗಮಟು ವಾಸನೆ, ಅಟ್ಟದಲ್ಲಿ ರಾಗಿಯ ವಾಸನೆ, ಅಡಿಗೆಮನೆಯ ಪಕ್ಕದ ಮೂಲೆಯಲ್ಲಿ ಮಾತ್ರ ಬೇರೆಯದೇ ಒಂದು ವಾಸನೆ. ಅದು ನಮ್ಮಜ್ಜಿಯ ಮೂಲೆ. ಅಜ್ಜಿಯ ಹೆಸರು ನಿಂಗಮ್ಮ, ಸುತ್ತಲ ಹಳ್ಳಿಯವರ ಬಾಯಲ್ಲಿ ಮದ್ದಿನ ನಿಂಗಮ್ಮ. ಸರಗೂರಿನ ಕಡೆಯಿಂದ ಸೊಸೆಯಾಗಿ ಬಂದವಳು. ಅವಳಿಗೆ ಮದ್ದು ಕಲಿಸಿದ್ದು ಅವಳ ಅವ್ವ, ಆ ಅವ್ವನಿಗೆ ಕಾಡಂಚಿನ ಬುಡಕಟ್ಟಿನವರ ಹಾಡಿಯ ಒಬ್ಬ ಹೆಂಗಸು. ಓದಿದ್ದು ನೆನಪಿರದ ಮಕ್ಕಳಿಗೆ ಒಂದೆಲಗದ ಚಟ್ನಿ, ಮೈ ಉರಿಯುವವರಿಗೆ ಲಾವಂಚ ನೆನೆಸಿದ ನೀರು, ಬೆಚ್ಚಿ ಬೀಳುವ ಕೂಸುಗಳಿಗೆ ಬಜೆ. ಇವನ್ನೆಲ್ಲ ಕೇಳಿದವರಿಗೆ ಅಜ್ಜಿ ಧಾರಾಳವಾಗಿ ಹೇಳಿಕೊಡುತ್ತಿದ್ದಳು. ಹೇಳದೇ ಇದ್ದದ್ದು ಒಂದೇ ಒಂದು.

ನಿದ್ದೆ ಕಳೆದುಕೊಂಡವರಿಗೆ, ತಲೆ ಕಾದು ಸುಮ್ಮಸುಮ್ಮನೆ ಕಿರುಚಾಡುವವರಿಗೆ, ಕೂತಲ್ಲಿ ಕೂರಲಾರದವರಿಗೆ ಕೊಡುವ ಬೇರು ಅದು. ಹೊಲದಾಚೆಯ ಹಳ್ಳದ ದಂಡೆಯಲ್ಲಿ, ಹೊಂಗೆಮರದ ನೆರಳಿನ ಬೇಲಿ ಸಂದಿಯಲ್ಲಿ ಅಜ್ಜಿಯೇ ತಂದು ನೆಟ್ಟಿದ್ದಳು. ಮೊಣಕಾಲೆತ್ತರದ ಗಿಡ. ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿಯ ಹೂಗೊಂಚಲು, ಬಟಾಣಿಯಷ್ಟು ದಪ್ಪದ ಹಣ್ಣು, ಮಾಗಿದರೆ ಕಪ್ಪು. ಬೇರು ಹಾವಿನಂತೆ ಅಂಕುಡೊಂಕು, ನಾಲಿಗೆಗೆ ತಾಗಿಸಿದರೆ ಮೂರು ದಿನ ಕಹಿ. ಅದನ್ನು ನೆರಳಲ್ಲಿ ಒಣಗಿಸಿಟ್ಟು, ನಡುವೆ ತಗ್ಗು ಬಿದ್ದ ಕಪ್ಪು ಕಲ್ಲಿನ ಮೇಲೆ ಹಸುವಿನ ಹಾಲು ಹಾಕಿ ತೇಯುತ್ತಿದ್ದಳು. ಗಟ್ಟಿ ಮೈಯವರಿಗೆ ಏಳು ಸುತ್ತು, ಸಣಕಲು ಮೈಯವರಿಗೆ ಐದು. ಮಕ್ಕಳಿಗೂ ಬಸುರಿಯರಿಗೂ ಕೊಡುವಂತಿಲ್ಲ. ಹೆಚ್ಚು ದಿನ ಕೊಟ್ಟರೆ ಮನಸ್ಸು ಕುಗ್ಗಿ ಮನುಷ್ಯ ಮಂಕಾಗುತ್ತಾನೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಆದರೆ ಅದರ ಹೆಸರನ್ನು ಅವಳು ಆಡಿದ್ದು ನಾನು ಕೇಳಿಲ್ಲ. ಬೇರು ಕೀಳಲು ಹೋಗುವಾಗ ನನ್ನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದಳು, ದಾರಿಯಲ್ಲಿ ಯಾರು ಮಾತಾಡಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ವಾಪಸು ಬರುವಾಗ ಅದೇ ಮಾತು: "ಯಾರ್ಗೂ ಯೋಳ್ಬ್ಯಾಡ ಮಗ. ಯೋಳುದ್ರೆ ಮದ್ದು ಸತ್ತೋಯ್ತದೆ, ಕೈಗುಣ ಹೊಂಟೋಯ್ತದೆ." ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅಂಥ ನನ್ನನ್ನೇ ಯಾಕೆ ನೆಚ್ಚಿಕೊಂಡಳೋ. ನೆಚ್ಚಿಕೊಂಡಳು ಎನ್ನುವ ಜಂಬಕ್ಕೇ ನಾನು ಬಾಯಿ ಕಟ್ಟಿಕೊಂಡಿದ್ದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಾಕಮ್ಮತ್ತೆ ಕೆ.ಆರ್. ನಗರದ ಕಡೆಯ ತನ್ನ ಗಂಡನ ಊರಿನಿಂದ ನಮ್ಮಲ್ಲಿಗೆ ಬಂದಳು. ಅಜ್ಜಿಯ ಒಬ್ಬಳೇ ಮಗಳು, ನನ್ನಪ್ಪನ ಅಕ್ಕ. ಮಾವ ತೀರಿಕೊಂಡು ಮೂರು ತಿಂಗಳಾಗಿತ್ತು, ಅವಳಿಗೆ ನಿದ್ದೆ ಹೋಗಿ ಎರಡು ತಿಂಗಳು. ಮೊದಲಾದರೆ ಅತ್ತೆ ಬಂದಳೆಂದರೆ ಮನೆಯಲ್ಲಿ ನಗೆಯೇ ನಗೆ. ಈಗ ತಟ್ಟೆ ಸದ್ದಾದರೆ ಬೆಚ್ಚಿ ಎದೆ ಹಿಡಿದುಕೊಳ್ಳುತ್ತಿದ್ದಳು. ಅಜ್ಜಿ ಮಗಳ ಕೆನ್ನೆ ಸವರಿ, "ಮಲಗುಸ್ತೀನಿ ಬುಡು ನಿನ್ನ" ಎಂದಳು. ಅವತ್ತೇ ಸಂಜೆ ಕಲ್ಲು ತೊಳೆದಿಟ್ಟಳು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಕೈಗೊಂದು ಮಾತ್ರೆಯ ಹಾಳೆ ಇಟ್ಟಳು. ಕೆ.ಆರ್. ನಗರದ ಡಾಕ್ಟರು ಬಿ.ಪಿ. ಇದೆಯೆಂದು ಕೊಟ್ಟಿದ್ದವು. "ದಿನಾ ಬೆಳಿಗ್ಗೆ ಒಂದು ತಂದ್ಕೊಡು ಮಗ. ಅವ್ವಂಗೆ ಯೋಳ್ಬ್ಯಾಡ. ತನ್ ಮದ್ದಿನ್ ಮ್ಯಾಲೆ ನಂಬ್ಕೆ ಇಲ್ಲ ಅಂತ ನೊಂದ್ಕತಾಳೆ." ಮದ್ದಿನ ನಿಂಗಮ್ಮನ ಮಗಳೇ ಇಂಗ್ಲಿಷ್ ಮಾತ್ರೆ ನುಂಗುತ್ತಾಳೆಂದು ಊರಲ್ಲಿ ಗೊತ್ತಾದರೆ ಅವ್ವ ತಲೆಯೆತ್ತುವುದು ಹೇಗೆ ಎನ್ನುವುದೇ ಅವಳ ಚಿಂತೆ. ನಾನು ಹಾಳೆಯನ್ನು ಜಾಮಿಟ್ರಿ ಬಾಕ್ಸಿನಲ್ಲಿ, ಕೈವಾರದ ಕೆಳಗೆ ಬಚ್ಚಿಟ್ಟೆ.

ಸಂಜೆ ಏಳು ಸುತ್ತಿನ ಬೇರು ಹಾಲಿನಲ್ಲಿ, ಬೆಳಿಗ್ಗೆ ಹಿತ್ತಲಲ್ಲಿ ಮಾತ್ರೆ. ಮೊದಲ ದಿನವೇ ಅತ್ತೆ ಮಗುವಿನಂತೆ ಮಲಗಿದಳು. ಮನೆಯವರೆಲ್ಲ ತುದಿಗಾಲಲ್ಲಿ ಓಡಾಡಿದರು, ಅಜ್ಜಿಯ ಮುಖದಲ್ಲಿ ಗೆಲುವು. ಎರಡನೆಯ ದಿನ ಅತ್ತೆಗೆ ಮೂಗು ಕಟ್ಟಿತು, ಮಾತು ನಿಧಾನವಾಯಿತು. ಮೂರನೆಯ ದಿನ ಕರೆದರೆ ಎಷ್ಟೋ ಹೊತ್ತಿನ ಮೇಲೆ ಹೂಂಗುಟ್ಟಿದಳು, ಅವಳ ಕೈ ಹಿಡಿದರೆ ತಣ್ಣಗಿತ್ತು. ಒಲೆ ಮುಂದೆ ಕೂತಿದ್ದ ಅಜ್ಜಿಯ ಹತ್ತಿರ ಹೋಗಿ ನಿಂತೆ. ಮಾತ್ರೆಯ ವಿಷಯ ಹೇಳಿಬಿಡಬೇಕೆಂದಿದ್ದೆ. "ಏನ್ ಮಗ?" ಎಂದಳು. "ಏನಿಲ್ಲ ಕಣಜ್ಜಿ" ಎಂದು ಹೊರಗೆ ಹೋದೆ. ಜನ್ಮದಲ್ಲಿ ಮೊದಲ ಸಲ ಗುಟ್ಟು ಕಾಪಾಡಿದ್ದೆ ನಾನು, ಅದೂ ಎರಡೆರಡು. ಕಾಪಾಡಬಾರದಿದ್ದ ಹೊತ್ತಿನಲ್ಲೇ ಕಾಪಾಡಿದ್ದೆ.

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಅತ್ತೆ ಬಚ್ಚಲ ಹತ್ತಿರ ಎದ್ದು ನಿಂತವಳು ಹಾಗೇ ಕುಸಿದಳು. ತುಟಿ ಬಿಳಿಚಿಕೊಂಡಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು. ಗಂಡಸರೆಲ್ಲ ಹೊಲದ ಬ್ಯಾರನ್ನಿನ ಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುತ್ತಿದ್ದರು, ನಾನು ಓಡಿಹೋಗಿ ಅಪ್ಪನನ್ನು ಕರೆತಂದೆ. ಸೌದೆ ಇಳಿಸುತ್ತಿದ್ದ ಮೆಟಡೋರಿನಲ್ಲಿ ಚಾಪೆ ಹಾಸಿ ಅತ್ತೆಯನ್ನು ಮಲಗಿಸಿಕೊಂಡು ರಾವಂದೂರಿನ ಡಾಕ್ಟರ ಶಾಪಿಗೆ ಹೋದೆವು. ಎದೆಗವಚಿಕೊಂಡಿದ್ದ ಸ್ಕೂಲ್ ಬ್ಯಾಗನ್ನು ನಾನು ಬಿಟ್ಟಿರಲಿಲ್ಲ, ಇದ್ಯಾಕೆ ಎಂದು ಯಾರೂ ಕೇಳಲಿಲ್ಲ. ದಾರಿಯುದ್ದಕ್ಕೂ ಅಜ್ಜಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿ ನೋಡಿದರು, ನಂಬಿಕೆಯಾಗದೆ ಇನ್ನೊಂದು ತೋಳಿಗೆ ಸುತ್ತಿ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಮನೇಲಿ ಏನಾದ್ರೂ ಕೊಟ್ರಾ ಅಜ್ಜಿ?" ಎಂದರು. ಅಜ್ಜಿ ಗೋಡೆ ನೋಡಿದಳು. "ಏನ್ ಕೊಟ್ಟಿದ್ದೀರಿ ಅಂತ ಗೊತ್ತಾಗ್ದೆ ನಾನೇನ್ ಕೊಡ್ಲಿ? ಒಂದ್ರ ಮೇಲೊಂದು ಕೊಟ್ಟು ಜೀವಕ್ಕೆ ಅಪಾಯ ಆದ್ರೆ?" ಅಜ್ಜಿಯ ತುಟಿ ಬಿಗಿದುಕೊಂಡಿತ್ತು, ಕೈ ಸೊಂಟದ ಎಲೆಅಡಿಕೆ ಚೀಲದ ಮೇಲಿತ್ತು. ಅಪ್ಪ ಕೂಗಾಡಿದ, ಆಮೇಲೆ ಕೈಮುಗಿದ. "ಬಾಯ್ ಬುಡವ್ವ. ನಿನ್ ಮಗಳು ಕಣವ್ವ." ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು. ಮಂಚದ ಮೇಲೆ ಅತ್ತೆಯ ಉಸಿರು ಇದೆಯೋ ಇಲ್ಲವೋ ಎನ್ನುವಂತಿತ್ತು. ನಾನು ಬ್ಯಾಗ್ ಬಿಚ್ಚಿ ಜಾಮಿಟ್ರಿ ಬಾಕ್ಸ್ ತೆಗೆದು ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ಹೋಗಿ, ಬೇರಿನ ತುಂಡು ಯಾವಾಗಲೂ ಇರುತ್ತಿದ್ದ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದೆ. ಅಜ್ಜಿ ನನ್ನ ಮುಂಗೈ ಹಿಡಿದುಕೊಂಡಳು. ಅಷ್ಟು ವಯಸ್ಸಾದವಳ ಕೈಯಲ್ಲಿ ಅಂಥ ಬಲ ಎಲ್ಲಿತ್ತೋ, ನನ್ನ ಬಳೆ ಒಡೆದು ಕೈಗೆ ಚುಚ್ಚಿತು. "ಬ್ಯಾಡ ಮಗ. ನಿನ್ ಕಾಲ್ ಇಡ್ಕತೀನಿ, ಬ್ಯಾಡ." ಅಜ್ಜಿ ನನಗೆ ಹಾಗೆ ಅಂದಳಲ್ಲ, ಅದು ಇವತ್ತಿಗೂ ಕಿವಿಯಲ್ಲಿದೆ. ನಾನು ಕೈ ಕಿತ್ತುಕೊಂಡು ಬೇರಿನ ತುಂಡನ್ನು ಡಾಕ್ಟರ ಮುಂದೆ ಹಿಡಿದೆ. ಗೆಣ್ಣಿಗೆ ಮೂರೆಲೆ, ಕೆಂಪು ತೊಟ್ಟು, ಬಿಳಿ ಹೂ, ಕಪ್ಪು ಹಣ್ಣು, ದಿನಾ ಸಂಜೆ ಏಳು ಸುತ್ತು, ಮೂರು ದಿನ. ಎಲ್ಲ ಒಂದೇ ಉಸಿರಿಗೆ ಒದರಿಬಿಟ್ಟೆ.

ಡಾಕ್ಟರು ಬೇರನ್ನು ಮುರಿದು ನಾಲಿಗೆಯ ತುದಿಗೆ ತಾಗಿಸಿ, "ಸರ್ಪಗಂಧ" ಎಂದರು. ಹೊಂಗೆಮರದಡಿಯ ಆ ಗಿಡಕ್ಕೊಂದು ಹೆಸರಿರುವುದು ನನಗೆ ಗೊತ್ತಾದದ್ದು ಆಗ. ಏರಿದ ರಕ್ತದೊತ್ತಡ ಇಳಿಸುವ ಬೇರು ಅದು, ಮಾತ್ರೆಯ ಕೆಲಸವೂ ಅದೇ, ಎರಡೂ ಸೇರಿ ಇಳಿಸಬಾರದಷ್ಟು ಇಳಿಸಿವೆ ಎಂದು ಅಪ್ಪನಿಗೆ ಹೇಳುತ್ತಲೇ ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಡಿಸಿ ಎತ್ತರಿಸಿದರು, ಕಂಬಳಿ ಹೊದಿಸಿದರು, ಸಲೈನು ಹಾಕಿದರು. ಬೈಯಲಿಲ್ಲ. "ಬೇರೂ ಸುಳ್ಳಲ್ಲ, ಮಾತ್ರೇನೂ ಸುಳ್ಳಲ್ಲ. ಒಂದರ ವಿಚಾರ ಇನ್ನೊಂದಕ್ಕೆ ಗೊತ್ತಿರ್ಲಿಲ್ಲ, ಅಷ್ಟೆ" ಎಂದರು. ಅಜ್ಜಿ ಎದ್ದು ಹೋಗಿ ಶಾಪಿನ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಒಳಗೆ ಹನಿ ಹನಿ ಬೀಳುವುದನ್ನು ನಾನು ನೋಡುತ್ತ ನಿಂತೆ. ಎರಡನೆಯ ಬಾಟಲು ಅರ್ಧಕ್ಕೆ ಬಂದಾಗ, ಬಿಸಿಲು ಇಳಿಯುವ ಹೊತ್ತಿಗೆ, ಅತ್ತೆ ಕಣ್ಣು ಬಿಟ್ಟು, "ಅವ್ವ ಎಲ್ಲವ್ಳೆ?" ಎಂದಳು. ನಾನು ಮೆಟ್ಟಿಲಿಗೆ ಓಡಿಹೋಗಿ, "ಅತ್ತೆ ಎದ್ಲು ಕಣಜ್ಜಿ, ನಿನ್ನೇ ಕೇಳ್ತಾವ್ಳೆ" ಎಂದೆ. ಅಜ್ಜಿ ನನ್ನನ್ನು ಎಷ್ಟೋ ಹೊತ್ತು ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡವಳಂತೆ ನೋಡಿದಳು.

ಅಂದಿನಿಂದ ಅಜ್ಜಿ ಆ ಬೇರನ್ನು ಮುಟ್ಟಲಿಲ್ಲ. ನಿದ್ದೆಗೆಟ್ಟವರು ಹಾರನಹಳ್ಳಿಯಿಂದಲೂ ಬಂದರು, ಹಣ್ಣುಕಾಯಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ಕೈ ಹೋಯ್ತು ಕಣ್ರಪ್ಪ. ಡಾಕ್ಟ್ರತಾವ ಹೋಗಿ" ಎಂದು ಅಜ್ಜಿ ಒಳಗೆ ಹೋಗುತ್ತಿದ್ದಳು. ನನ್ನನ್ನು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ, ಹಳ್ಳದ ಕಡೆಗೆ ಕರೆಯಲೂ ಇಲ್ಲ. ಅತ್ತೆ ಗುಣವಾಗಿ ತನ್ನೂರಿಗೆ ಹೋದಳು. ನನಗೆ ಮಾತ್ರ ಅಜ್ಜಿಯ ಮೇಲೊಂದು ಸಿಟ್ಟು ಉಳಿಯಿತು. ಹೊಟ್ಟೆಯ ಮಗಳಿಗಿಂತ ಕೈಗುಣದ ಹೆಸರೇ ದೊಡ್ಡದಾಯಿತೇ ಇವಳಿಗೆ ಎಂಬ ಸಿಟ್ಟು. ಅದನ್ನು ಹತ್ತು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ.

ಹುಣಸೂರಿನಲ್ಲಿ ನನಗೆ ಸ್ಕೂಲಿನ ಕೆಲಸ ಸಿಕ್ಕಿದ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಒಂದು ಭಾನುವಾರ ಮಧ್ಯಾಹ್ನ ನಾನು ಅವಳ ಕಾಲೊತ್ತುತ್ತ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಅಲ್ಲ ಮಗ, ಮದ್ದು ಹೊಟ್ಟೇಲಿರುವಾಗ ಅದ್ರ ಗುಟ್ಟು ಯೋಳುದ್ರೆ ಅದು ಇಸ ಆಯ್ತದೆ, ಕುಡುದೋರು ಉಳಿಯಕಿಲ್ಲ ಅಂತ ನಮ್ಮವ್ವ ನನ್ ಕೈ ಮ್ಯಾಲೆ ಆಣೆ ಮಾಡ್ಸಿದ್ಲು. ನೀನು ಯೋಳ್ಬುಟ್ಟೆ. ಸಾಕಿ ಉಳ್ಕಂಡ್ಳು. ಅಂಗಾರೆ ನಮ್ಮವ್ವ ಸುಳ್ಳೇಳಿದ್ಲಾ?" ನನ್ನ ಕೈ ನಿಂತುಹೋಯಿತು. ಆ ದಿನ ಅವಳು ಬಾಯಿ ಕಟ್ಟಿಕೊಂಡದ್ದು ಕೈಗುಣಕ್ಕಲ್ಲ, ಮಗಳಿಗಾಗಿ. ನನ್ನ ಮುಂಗೈ ಹಿಡಿದದ್ದೂ, ನನ್ನ ಕಾಲು ಹಿಡಿಯುತ್ತೇನೆಂದದ್ದೂ ಮಗಳಿಗಾಗಿ. ಮೆಟ್ಟಿಲ ಮೇಲೆ ಬೆನ್ನು ಹಾಕಿ ಅವಳು ಕಾಯುತ್ತಿದ್ದದ್ದು ಸಾವಿನ ಸುದ್ದಿಯನ್ನು. ನಾನು ಅಳುತ್ತಿದ್ದೆ. "ಸುಳ್ಳಲ್ಲ ಬುಡಜ್ಜಿ" ಎಂದೆ. ನನ್ನ ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ, ಅದು ಮುಖದಲ್ಲಿ ಗೊತ್ತಾಗುತ್ತಿತ್ತು. ಆ ಮಳೆಗಾಲ ಕಳೆಯುವುದರೊಳಗೆ ಅಜ್ಜಿ ಹೋದಳು.

ಹಳ್ಳದ ದಂಡೆಯನ್ನು ಜೆಸಿಬಿ ಸವರಿ ರಸ್ತೆ ಮಾಡಿದೆ. ಹೊಂಗೆಮರವೂ ಇಲ್ಲ, ಗಿಡವೂ ಇಲ್ಲ. ಹೆಸರಿಗೇನು, ಈಗ ಯಾರು ಬೇಕಾದರೂ ಹೇಳುತ್ತಾರೆ, ಪುಸ್ತಕದಲ್ಲಿದೆ, ಡಬ್ಬಿಗಳ ಮೇಲಿದೆ. ತಗ್ಗು ಬಿದ್ದ ಕಲ್ಲು ನನ್ನ ಹತ್ತಿರವಿದೆ, ಏಳು ಸುತ್ತು ಎನ್ನುವುದೂ ಗೊತ್ತು. ಆದರೆ ಒಂದೊಂದು ಸುತ್ತಿಗೆ ಅಜ್ಜಿಯ ಕೈಯ ಭಾರ ಎಷ್ಟಿತ್ತು ಎನ್ನುವುದು ಅವಳ ಕೈಗೆ ಮಾತ್ರ ಗೊತ್ತಿತ್ತು. ನಾನು ಯಾರಿಗೂ ಏನನ್ನೂ ತೇದು ಕೊಡುವುದಿಲ್ಲ.

ಬಜೆಯ ಸದ್ದು ಕೇಳಿದ ಆ ಶನಿವಾರ ಸ್ಕೂಲು ಮುಗಿಸಿಕೊಂಡು ನೇರ ಕೆ.ಆರ್. ನಗರದ ಬಸ್ಸು ಹತ್ತಿದೆ. ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಮರುದಿನ ಬೆಳಿಗ್ಗೆ ಎದ್ದು ನಡುಮನೆಗೆ ಬಂದರೆ ಅವಳು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ ಹಿಡಿದು ಅಜ್ಜಿಯ ಫೋಟೋದ ಮುಂದೆ ನಿಂತಿದ್ದಳು. ದಿನವೂ ಹೀಗೆಯೇ ಎಂದು ಅವಳ ಸೊಸೆ ನನಗೆ ಕಣ್ಣಲ್ಲೇ ಹೇಳಿದಳು. ಅತ್ತೆ ಅಂಗೈಯನ್ನು ಫೋಟೋಕ್ಕೆ ಕಾಣುವಂತೆ ಸ್ವಲ್ಪ ಮೇಲೆತ್ತಿ ಹಿಡಿದಳು.

"ಅವ್ವ, ಮಾತ್ರೆ ನುಂಗ್ತಾ ಇವ್ನಿ ಕಣವ್ವ" ಎಂದಳು.