ಸ್ವಾಗತದ ಶಿವಯೋಗಪ್ಪನವರು
ಟಿ.ವಿ. ಅಂಗಡಿಯ ಸೇಲ್ಸ್‌ಮನ್ ಆದ ನಾನು ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಬರೆದ ಮೊದಲ ಲೇಖನ ನನ್ನ ಬಗ್ಗೆಯೇ ಇತ್ತು. ‘ದಾವಣಗೆರೆಯ ಹೆಸರಾಂತ ಯುವ ಚಿಂತಕ’ ಎಂದು ಶುರುಮಾಡಿ, ಕೊನೆಗೆ ಮೊಬೈಲ್ ನಂಬರನ್ನೂ ಕೊಟ್ಟಿದ್ದೆ. ಹತ್ತೇ ನಿಮಿಷದಲ್ಲಿ ಯಾರೋ ಅಳಿಸಿದರು. ಇನ್ನು ಈ ಕಡೆ ತಲೆ ಹಾಕಬಾರದೆಂದು ಹೊರಟವನನ್ನು ತಡೆದವರು ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಶಿವಯೋಗಪ್ಪನವರು. ಹೊಸಬರು ಯಾರೇ ಬರಲಿ, ಅವರಿಗೆ ಸಂದೇಶ ಬರೆಯಲು ಅಲ್ಲಿರುವ ಚರ್ಚೆಪುಟದಲ್ಲಿ ಮೊದಲು ಕಾಣುವುದು ಇವರ ಬರಹ: ‘ಬರ್ರಿ, ಕೂಡ್ರಿ. ತಪ್ಪಾದ್ರೆ ಹೆದರಬ್ಯಾಡ್ರಿ, ತಿದ್ದಾಕೆ ನಾವದೀವಿ.’ ಗುಂಡಿ ಒತ್ತಿದರೆ ಹೋಗುವ ಸಿದ್ಧ ಸ್ವಾಗತ ಅವರಿಗೆ ಆಗದು. ಅದು ಮದುವೆ ಕಾರ್ಡನ್ನು ಬಾಗಿಲಿಗೆ ಸಿಕ್ಕಿಸಿ ಹೋದ ಹಾಗಂತೆ. ಗಿರಾಕಿಗೆ ಮೊಳೆ ತೂಗುತ್ತಲೇ ಫೋನಿನಲ್ಲಿ ಯಾರಿಗೋ ಲೇಖನಕ್ಕೆ ಆಧಾರದ ಉಲ್ಲೇಖ ಕೊಡುವುದನ್ನು ಕಲಿಸುತ್ತಾರೆ. ಎಷ್ಟೋ ಸಲ ಗಿರಾಕಿಯೂ ಕಲಿತು ಹೋಗುತ್ತಾನೆ. ನನ್ನ ನಂಬರು ಅಳಿಯುವ ಮೊದಲೇ ಬರೆದುಕೊಂಡಿದ್ದವರು ಅವತ್ತೇ ಫೋನ್ ಮಾಡಿದರು. ‘ನಿಮ್ಮ ಬಗ್ಗೆ ಬೇರೆಯೋರು ಬರೀಲಿ ತಮ್ಮಾ, ಅವಸರ ಏನೈತೆ? ನಮ್ಮ ಹೊಳೆ ಸೇತುವೆ ಪುಟಕ್ಕೆ ಒಂದೂ ಫೋಟೋ ಇಲ್ಲ. ನೀವೇ ಬಂದು ಹೊಡ್ಕೊಂಡು ಹಾಕ್ರಿ’ ಎಂದರು. ಭಾನುವಾರ ಹೋಗಿ ತೆಗೆದೆ, ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಿತ್ತು. ಅದನ್ನೇ ಪುಟಕ್ಕೆ ಏರಿಸಿದೆ. ಮೊದಲ ಸಲ ನನ್ನದೊಂದು ಉಳಿಯಿತು, ನಾನೂ ಉಳಿದೆ. ತಿಂಗಳ ನಂತರ ಶಿವಯೋಗಪ್ಪನವರ ಅಂಗಡಿಯಲ್ಲಿ ಕೂತಾಗ ಅವರ ಫೋನಿನಲ್ಲಿ ಅದೇ ಸೇತುವೆಯ ಹತ್ತಾರು ಚೆಂದದ ಫೋಟೋಗಳು ಕಂಡವು. ಎಲ್ಲವೂ ಅವರೇ ತೆಗೆದವು, ನನ್ನದಕ್ಕಿಂತ ವರ್ಷಗಳ ಹಿಂದಿನವು. ‘ಇವನ್ನ ಯಾಕ ಹಾಕಿಲ್ರಿ?’ ಎಂದೆ. ‘ನಾನೇ ಹಾಕಿಬಿಟ್ಟಿದ್ರೆ,’ ಎಂದರು ಶಿವಯೋಗಪ್ಪನವರು, ‘ನಿಮಗ ಏನು ಉಳೀತಿತ್ತು?’